ಮನೆ ಮಾತು, ಶಾಲೆ ವ್ಯಾಕರಣ

ಪ್ರಶ್ನೆ: ಸರ್, ಮಗಳು ಎಂಟನೇ ತರಗತಿ. ಗದ್ಯ ಓದಿ ಉತ್ತರ ಬರಿ ಅಂದರೆ ಸಾಲಿಗೆ ಸಾಲು ನಕಲು ಮಾಡುತ್ತಾಳೆ. ಸಂಧಿ, ವಿಭಕ್ತಿ ಬಂದರೆ ಗೈಡ್ ತೆಗೆಯುತ್ತಾಳೆ. ನಾವು ಮನೆಯಲ್ಲಿ ‘ಮನ್ಯಾಗ’, ‘ಹೊಲ್ದಾಗ’ ಅನ್ನೋದರಿಂದ ಹೀಗಾಯ್ತಾ? ನಾನು ಏಳನೇ ತರಗತಿವರೆಗೆ ಓದಿದವಳು. ಹೇಗೆ ಹೇಳಿಕೊಡಲಿ?
– ಒಬ್ಬ ತಾಯಿ, ಸೇಡಂ

ಉತ್ತರ: ತಂಗಿ, ನಿಮ್ಮ ಮಾತಿನಲ್ಲಿ ಯಾವ ತಪ್ಪೂ ಇಲ್ಲ. ಆ ಚಿಂತೆ ಮೊದಲು ಬಿಡಿ. ನಿಮ್ಮ ತಾಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಒಂಬತ್ತನೇ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಎಂಬ ಗ್ರಂಥವೇ ಹೇಳುತ್ತದೆ: ಕನ್ನಡದಲ್ಲಿ ಊರಿಗೊಂದು ಬಗೆ ಇದೆ, ಅವುಗಳ ದೋಷ ಎಣಿಸಲು ಹೋದರೆ ವಾಸುಕಿಗೂ ಬೇಸರ ಬಂದೀತು ಎಂದು.

‘ಮನ್ಯಾಗ’ದ ‘ಆಗ’ ಮಾಡುವ ಕೆಲಸವನ್ನೇ ಪುಸ್ತಕದ ‘ಅಲ್ಲಿ’ ಮಾಡುತ್ತದೆ. ಅದೇ ಸಪ್ತಮಿ ವಿಭಕ್ತಿ. ಮಗಳು ‘ರೊಟ್ಟಿ ತಿಂದೆ’ ಎಂದಾಗ ‘ಏನನ್ನು ತಿಂದೆ?’ ಎಂದು ಕೇಳಿ. ‘ರೊಟ್ಟಿಯನ್ನು’ ಅಂತಾಳೆ. ದ್ವಿತೀಯಾ ವಿಭಕ್ತಿ ಬಂತಲ್ವಾ! ‘ರೊಟ್ಟಿ’ಗೂ ‘ಅನ್ನು’ಗೂ ನಡುವೆ ಹೊಸದಾಗಿ ‘ಯ’ ಸೇರಿತು, ಅದು ಆಗಮ ಸಂಧಿ. ‘ಮಳೆ’, ‘ಕಾಲ’ ಕೂಡಿ ‘ಮಳೆಗಾಲ’ ಆದಾಗ ‘ಕ’ ಹೋಗಿ ‘ಗ’ ಬಂತು, ಅದು ಆದೇಶ ಸಂಧಿ. ಸದ್ದು ಬದಲಾದದ್ದನ್ನು ಅವಳೇ ಬಾಯಲ್ಲಿ ಹೇಳಿ ಕಂಡುಕೊಳ್ಳಲಿ. ಹೆಸರು ಆಮೇಲೆ.

ಗದ್ಯದ ವಿಷಯ ಸ್ವಲ್ಪ ಬೇರೆ. ನಾನು ಕಲಬುರಗಿಯಲ್ಲಿ ಕಲಿಸುವಾಗ ತರಗತಿಗೆ ಇಷ್ಟು ಬರೆದುಕೊಟ್ಟಿದ್ದೆ: ‘ಹದ ಮಳೆ ಬರಲಿಲ್ಲ. ತೊಗರಿ ಬೀಜ ಚೀಲದಲ್ಲೇ ಉಳಿಯಿತು. ರೈತ ಕೂರಿಗೆಯನ್ನು ಗೋಡೆಗೆ ಆನಿಸಿ ಕುಳಿತ.’ (ಕೂರಿಗೆ ಅಂದರೆ ಬೀಜ ಬಿತ್ತುವ ಸಾಧನ.) ಪ್ರಶ್ನೆ: ರೈತ ಕೂರಿಗೆಯನ್ನು ಯಾಕೆ ಗೋಡೆಗೆ ಆನಿಸಿದ? ಹೆಚ್ಚಿನವರು ಮೂರನೇ ಸಾಲನ್ನೇ ಇಳಿಸಿದ್ದರು. ‘ಕೂರಿಗೆ’ ಅನ್ನೋ ಪದ ಅಲ್ಲಿತ್ತು, ಅಷ್ಟೇ. ಕಾರಣ ಇದ್ದದ್ದು ಮೊದಲ ಸಾಲಿನಲ್ಲಿ. ಒಬ್ಬ ಹುಡುಗ ಮಾತ್ರ ‘ಮಳಿ ಆಗಿಲ್ಲ ಸರ್, ಬಿತ್ತೋದು ಹ್ಯಾಂಗ?’ ಅಂದ. ಅದನ್ನೇ ಬರೆ ಅಂದೆ. ‘ಮಳೆ ಬಾರದೆ ಬಿತ್ತನೆ ನಿಂತದ್ದರಿಂದ’ ಎಂದು ಬರೆದ. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ನೀವೂ ಹಾಗೇ ಮಾಡಿ. ಮೊದಲು ಅವಳು ಪ್ರಶ್ನೆ ಓದಲಿ. ‘ಯಾಕೆ’, ‘ಯಾರು’, ‘ಎಲ್ಲಿ’ ಅನ್ನೋ ಪದದ ಕೆಳಗೆ ಗೆರೆ ಎಳೆಯಲಿ. ಆಮೇಲೆ ಗದ್ಯವನ್ನು ನಿಮಗೆ ಜೋರಾಗಿ ಓದಿ ಹೇಳಲಿ. ಪುಸ್ತಕ ಮುಚ್ಚಿಸಿ, ನಿಮ್ಮದೇ ಮಾತಿನಲ್ಲಿ ಕೇಳಿ. ನೀವು ರೊಟ್ಟಿ ಬಡಿಯುತ್ತಲೇ ಕೇಳಬಹುದು, ಅದಕ್ಕೆ ಜಾಸ್ತಿ ಓದಿರಬೇಕಿಲ್ಲ. ಅವಳು ಹೇಳಿದ ಉತ್ತರ ನಿಮಗೆ ಅರ್ಥವಾದರೆ ಅದನ್ನೇ ಪುಸ್ತಕದ ಕನ್ನಡದಲ್ಲಿ ಬರೆಯಲಿ.

ಗೈಡ್ ಬಚ್ಚಿಡಬೇಡಿ. ಬರೆದು ಮುಗಿದ ಮೇಲೆ ತೆಗೆದು ತಾಳೆ ನೋಡಲಿ. ಎರಡೂ ಹೊಂದದಿದ್ದರೆ ಗದ್ಯ, ಪ್ರಶ್ನೆ, ಅವಳ ಉತ್ತರ ಮೂರನ್ನೂ ಬರೆದು ಕಳಿಸಿ. ನಾನು ಓದಿ ಉತ್ತರ ಬರೆಯುತ್ತೇನೆ.