ಇನ್ನೂರು ಅರ್ಜಿ, ಬಂದವರು ಮೂವರು

ಪೀಣ್ಯದ ಕಾರ್ಖಾನೆಗಳಲ್ಲಿ 26 ವರ್ಷ ಎಚ್‌ಆರ್ ಆಗಿದ್ದವಳು ನಾನು. ಜನರನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇನೆ, ಕೆಲಸದಿಂದ ತೆಗೆದೂ ಇದ್ದೇನೆ. ಈ ಸಲ ಬಂದ ಪತ್ರಗಳೆಲ್ಲ ಮೊದಲನೆಯದರ ಬಗ್ಗೆ. ಸದ್ಯ!

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಮಷಿನ್ ಶಾಪ್ ಇದೆ. ಒಟ್ಟು 14 ಜನ. ಇಬ್ಬರು ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ, ಲೋಹ ಕಡೆಯುವ ಮಷಿನ್) ಆಪರೇಟರ್‌ಗಳು ಬೇಕು. ಮೊದಲೆಲ್ಲ ಗೇಟಿಗೆ ಬೋರ್ಡ್ ತೂಗುಹಾಕಿದರೆ ಸಾಕಿತ್ತು. ಈಗ ಮಗಳ ಮಾತು ಕೇಳಿ ದುಡ್ಡು ಕೊಟ್ಟು ಮೊಬೈಲ್ ಆ್ಯಪ್‌ನಲ್ಲಿ ಹಾಕಿದೆ. 200 ಅರ್ಜಿ ಬಂತು. ಇಂಟರ್‌ವ್ಯೂಗೆ ಬಂದವರು ಮೂವರು. ಅದರಲ್ಲಿ ಒಬ್ಬನಿಗೆ ಅಳತೆ ನೋಡುವ ವರ್ನಿಯರ್ ಹಿಡಿಯೋಕೇ ಬರಲ್ಲ. ಈ ಆ್ಯಪ್‌ಗಳೆಲ್ಲ ಸುಮ್ನೆ ದುಡ್ಡು ದಂಡ ಅಲ್ವಾ?

ದಂಡ ಅಲ್ಲ ಸ್ವಾಮಿ. ನೀವು ಪತ್ರದ ಜೊತೆ ಕಳಿಸಿದ ಜಾಹೀರಾತು ನೋಡಿದೆ. 'ಅನುಭವಿ ಸಿಎನ್‌ಸಿ ಆಪರೇಟರ್‌ಗಳು ಬೇಕಾಗಿದ್ದಾರೆ. ಆಕರ್ಷಕ ಸಂಬಳ. ಕೂಡಲೇ ಸಂಪರ್ಕಿಸಿ.' ಇದು ನಿಮ್ಮ ಗೇಟಿನ ಬೋರ್ಡೇ. ಮೊಬೈಲಿಗೆ ಹತ್ತಿಸಿದ್ದೀರಿ, ಅಷ್ಟೆ.

ಗೇಟಿನ ಬೋರ್ಡ್ ಓದುವವನು ಗೇಟಿನ ಮುಂದೆ ನಿಂತಿರುತ್ತಾನೆ. ಶೆಡ್ ಕಾಣುತ್ತದೆ, ಮಷಿನ್ ಸದ್ದು ಕೇಳುತ್ತದೆ. ಸಂಬಳ ಎಷ್ಟು, ಮಾಲೀಕರು ಹೇಗೆ ಅಂತ ಸೆಕ್ಯುರಿಟಿಯವರನ್ನು ಕೇಳಿಯೇ ಒಳಗೆ ಬರುತ್ತಾನೆ. ಆ್ಯಪ್‌ನಲ್ಲಿ ನೋಡುವ ಹುಡುಗ ಕೊಪ್ಪಳದಲ್ಲೋ ಕಲಬುರಗಿಯಲ್ಲೋ ಹಾಸಿಗೆಯಲ್ಲಿ ಬಿದ್ದುಕೊಂಡಿರುತ್ತಾನೆ. ಹೆಬ್ಬೆರಳಲ್ಲಿ ಒಮ್ಮೆ ಒತ್ತಿದರೆ ಅರ್ಜಿ ಹೋಯಿತು. ಅದೇ ರಾತ್ರಿ ಇನ್ನೂ 30 ಕಡೆ ಒತ್ತಿರುತ್ತಾನೆ. ಅವನಿಗೆ ನಿಮ್ಮ ಶಾಪ್ ನೆನಪಿರಲು ಕಾರಣವೇ ಇಲ್ಲ.

ಸೆಕ್ಯುರಿಟಿ ಹೇಳುತ್ತಿದ್ದದ್ದನ್ನೆಲ್ಲ ಈಗ ನೀವೇ ಬರೆಯಬೇಕು. ಮಷಿನ್ ಯಾವುದು, ಕಡೆಯುವ ಟರ್ನಿಂಗ್ ಸೆಂಟರಾ, ಕೊರೆಯುವ ವಿಎಂಸಿಯಾ? ಅದರ ಕಂಪ್ಯೂಟರ್ ಕಂಟ್ರೋಲ್ ಫ್ಯಾನಕ್ ಕಂಪನಿಯದಾ, ಸೀಮೆನ್ಸ್‌ದಾ? ಆಪರೇಟ್ ಮಾಡಿದರೆ ಸಾಕಾ, ಆಫ್‌ಸೆಟ್ ಕೊಡಲೂ (ಟೂಲ್‌ನ ಅಳತೆ ಹೊಂದಿಸಲೂ) ಬರಬೇಕಾ? ನೈಟ್ ಶಿಫ್ಟ್ ವಾರಕ್ಕೋ ಹದಿನೈದು ದಿನಕ್ಕೋ? 'ಆಕರ್ಷಕ ಸಂಬಳ' ತೆಗೆದುಹಾಕಿ. ಆಕರ್ಷಕವಾಗಿದ್ದರೆ ನಂಬರ್ ಹಾಕೋಕೆ ಏನು ಕಷ್ಟ ಅಂತ ಹುಡುಗರು ಕೇಳುತ್ತಾರೆ, ಸರಿಯಾಗಿಯೇ ಕೇಳುತ್ತಾರೆ. ಕೈಗೆ ಬರುವುದು ಎಷ್ಟು, ಓವರ್‌ಟೈಮ್‌ಗೆ ಡಬಲ್ ಉಂಟಾ, ಸಂಬಳ ಯಾವ ತಾರೀಖಿಗೆ ಎಂದು ಬರೆಯಿರಿ. 14 ಜನ ಇದ್ದೀರಿ ಅಂದರೆ ಇಎಸ್‌ಐ (ಕೆಲಸಗಾರ ಮತ್ತು ಅವನ ಮನೆಯವರ ಚಿಕಿತ್ಸೆಗೆ ಇರುವ ವಿಮೆ) ನಿಮಗೆ ಅನ್ವಯಿಸುತ್ತದೆ, ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳಕ್ಕೆ. ಅದನ್ನೂ ಹಾಕಿ. ಊರಲ್ಲಿ ಅಪ್ಪ ಅಮ್ಮ ಇರುವ ಹುಡುಗನಿಗೆ ಅದು ಸಣ್ಣ ವಿಷಯ ಅಲ್ಲ.

ಇನ್ನೊಂದು ಸಾಲು: ಮೆಟ್ರೋ ನಿಲ್ದಾಣದಿಂದ ಎಷ್ಟು ನಿಮಿಷದ ನಡಿಗೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರದವರೆಗೆ ಹೋಯಿತಲ್ಲ, ಆಮೇಲೆ ನೆಲಮಂಗಲದ ಕಡೆಯವರಿಗೆ ಪೀಣ್ಯ ಹತ್ತಿರವಾಗಿದೆ. ಆ್ಯಪ್‌ನಲ್ಲಿ ಜಾಹೀರಾತು ಎಷ್ಟು ದೂರದವರೆಗೆ ಕಾಣಬೇಕು ಅಂತ ಆರಿಸುವ ಜಾಗ ಇದ್ದರೆ ಅದನ್ನು ಬಳಸಿ. ಜೊತೆಗೆ ನಿಮ್ಮದೇ ಆಪರೇಟರ್ ಕೈಲಿ ಒಂದು ನಿಮಿಷದ ವಿಡಿಯೋ ಮಾಡಿಸಿ. ಮಷಿನ್, ಊಟದ ಜಾಗ, ಟಾಯ್ಲೆಟ್ ಎಲ್ಲ ಕಾಣಲಿ. ಹಿನ್ನೆಲೆ ಸಂಗೀತ ಖಂಡಿತ ಬೇಡ.

ಅರ್ಜಿ ಬಂದ ಮೇಲೆ 200 ಜನಕ್ಕೆ ಫೋನ್ ಮಾಡಬೇಡಿ. ವಾಟ್ಸ್ಆ್ಯಪ್‌ನಲ್ಲಿ ಡ್ರಾಯಿಂಗ್‌ನ ಒಂದು ಮೂಲೆಯ ಫೋಟೋ ಕಳಿಸಿ (ಗಿರಾಕಿಯ ಡ್ರಾಯಿಂಗ್ ಬೇಡ, ಕೈಯಲ್ಲಿ ಬರೆದದ್ದು ಸಾಕು). 'ಈ ಬೋರ್‌ಗೆ ಟಾಲರೆನ್ಸ್ ಎಷ್ಟು ಕೊಟ್ಟಿದ್ದಾರೆ? ವಾಯ್ಸ್ ಮೆಸೇಜ್ ಕಳಿಸಿ' ಎನ್ನಿ. (ಬೇರೆ ಓದುಗರಿಗೆ: ಬೋರ್ ಅಂದರೆ ಕೊರೆದ ರಂಧ್ರ, ಟಾಲರೆನ್ಸ್ ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದು.) ಕನ್ನಡ, ಹಿಂದಿ ಯಾವುದರಲ್ಲಾದರೂ ಸರಿ. ಹೆಚ್ಚಿನವರು ಉತ್ತರಿಸುವುದಿಲ್ಲ. ಉತ್ತರಿಸಿದವರಿಗೆ ಅದೇ ದಿನ ಫೋನ್ ಮಾಡಿ.

ಅದೇ ದಿನ ಅಂತ ಒತ್ತಿ ಹೇಳಲು ಕಾರಣವಿದೆ. ಹಿಂದೆ ನಾನಿದ್ದ ಒಂದು ಕಾರ್ಖಾನೆಗೆ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ) ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದ ಹುಡುಗಿಯೊಬ್ಬಳು ಬಂದಿದ್ದಳು. ಮೈಕ್ರೋಮೀಟರ್ ಕೊಟ್ಟರೆ ಮೊದಲು ಜೀರೋ ಎರರ್, ಅಂದರೆ ಅದು ಸೊನ್ನೆಯನ್ನು ಸರಿಯಾಗಿ ತೋರಿಸುತ್ತದಾ ಅಂತ, ನೋಡಿದಳು. ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ನನ್ನ ಕಡೆ ತಿರುಗಿ ಕಣ್ಣಲ್ಲೇ 'ತಗೊಳ್ಳಿ' ಅಂದರು. ನಾನು ಫೈಲ್ ಮಾಡಿದೆ, ಸಹಿಗೆ ಕಳಿಸಿದೆ. ಎಂ.ಡಿ. ಊರಲ್ಲಿರಲಿಲ್ಲ. ಹನ್ನೊಂದನೇ ದಿನ ಫೋನ್ ಮಾಡಿದರೆ, 'ಮೇಡಂ, ನಾನು ಪಕ್ಕದ ರಸ್ತೆಯಲ್ಲೇ ಸೇರಿಕೊಂಡೆ' ಅಂದಳು. ಆಮೇಲೆ ಎಷ್ಟೋ ದಿನ ಟೀ ಅಂಗಡಿ ಹತ್ತಿರ ಸಿಗುತ್ತಿದ್ದಳು, ನಗುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು.

ಕೊನೆಗೆ, ಎಲ್ಲರಿಗೂ ಅನುಭವಿಗಳೇ ಬೇಕು ಅಂದರೆ ಅನುಭವ ಕೊಡುವವರು ಯಾರು? ಒಬ್ಬ ಅನುಭವಿಯನ್ನು ತೆಗೆದುಕೊಳ್ಳಿ, ಜೊತೆಗೆ ಐಟಿಐ ಮುಗಿಸಿದ ಒಬ್ಬ ಅಪ್ರೆಂಟಿಸ್. 30 ಜನಕ್ಕಿಂತ ಕಡಿಮೆ ಇರುವ ಕಡೆ ಇದು ಕಡ್ಡಾಯ ಅಲ್ಲ, ಆದರೆ 4 ಜನ ಇದ್ದರೂ ತೆಗೆದುಕೊಳ್ಳಬಹುದು. ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಂಡರೆ ಸ್ಟೈಪೆಂಡ್‌ನ ಶೇ. 25 ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ಹುಡುಗನ ಖಾತೆಗೇ ಹಾಕುತ್ತದೆ. ಹತ್ತಿರದ ಐಟಿಐಗೆ ನೀವೇ ಒಂದು ದಿನ ಹೋಗಿ ಬನ್ನಿ. ಮಗಳನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮದು ಗಾರ್ಮೆಂಟ್ಸ್. ನಮ್ಮ ಹೆಸರಲ್ಲಿ ಯಾರೋ ವಾಟ್ಸ್ಆ್ಯಪ್‌ನಲ್ಲಿ 'ಕೆಲಸ ಖಾಲಿ ಇದೆ, ನೋಂದಣಿಗೆ 1,200 ರೂ. ಕಳಿಸಿ' ಅಂತ ಹಾಕುತ್ತಿದ್ದಾರೆ. ಹೆಣ್ಣುಮಕ್ಕಳು ಗೇಟಿಗೆ ಬಂದು ಅಳುತ್ತಾರೆ. ಏನು ಮಾಡಲಿ? (ಹಾಸನದಿಂದ)

ಮೊದಲು ದುಡ್ಡು ಕಳೆದುಕೊಂಡವರ ಕೈಲಿ 1930ಕ್ಕೆ ಫೋನ್ ಮಾಡಿಸಿ. ಸೈಬರ್ ವಂಚನೆಯ ಸಹಾಯವಾಣಿ ಅದು. ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನೀವೂ ಕಂಪನಿಯ ಕಡೆಯಿಂದ ಪೊಲೀಸರಿಗೆ ದೂರು ಕೊಡಿ. 'ನಾವು ಯಾರ ಹತ್ತಿರವೂ ಒಂದು ರೂಪಾಯಿ ಕೇಳುವುದಿಲ್ಲ' ಎಂದು ಗೇಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ. ಪ್ರತಿ ಜಾಹೀರಾತಿನಲ್ಲೂ ಅದೇ ಸಾಲು ಇರಲಿ. ಅಳುತ್ತಾ ಬಂದವರಿಗೆ ಟೈಲರಿಂಗ್ ಬಂದರೆ, ಅಲ್ಲೇ ಮಷಿನ್ ಮೇಲೆ ಕೂರಿಸಿ ನೋಡಬಾರದಾ?

ಪ್ರಶ್ನೆ: ಮೈಸೂರಿನ ಒಂದು ಕಂಪನಿಯಲ್ಲಿ ಎಚ್‌ಆರ್ ನಾನು. ಬಯೋಡೇಟಾಗಳನ್ನು ತಾನೇ ಓದಿ ಅಂಕ ಕೊಡುವ ಎಐ ಸಾಫ್ಟ್‌ವೇರ್ ತಂದಿದ್ದಾರೆ. ಮೇಲಿನ 20 ಜನರನ್ನು ಮಾತ್ರ ಕರೆಯಿರಿ ಎಂದು ಬಾಸ್ ಹೇಳುತ್ತಾರೆ. ನನಗೆ ಯಾಕೋ ಸಮಾಧಾನ ಇಲ್ಲ.

ಸಮಾಧಾನ ಇಲ್ಲದಿರುವುದೇ ಒಳ್ಳೆಯದು ಮೇಡಂ. ಅಮೆಜಾನ್ ಇಂಥದ್ದೊಂದನ್ನು ತಾನೇ ಕಟ್ಟಿತ್ತು. ಹಿಂದಿನ 10 ವರ್ಷದ ಬಯೋಡೇಟಾಗಳನ್ನು ಕೊಟ್ಟು ಕಲಿಸಿದರು. ಅವುಗಳಲ್ಲಿ ಗಂಡಸರದ್ದೇ ಜಾಸ್ತಿ. ಗಂಡಸರೇ ವಾಸಿ ಅಂತ ಅದು ಕಲಿತುಕೊಂಡಿತು. ಮಹಿಳೆಯರ ಚೆಸ್ ಕ್ಲಬ್ ಅಂತಿದ್ದರೂ ಅಂಕ ಕಳೆಯುತ್ತಿತ್ತು. ಕಂಪನಿ ಅದನ್ನು ಕೈಬಿಟ್ಟಿತು, 2018ರಲ್ಲಿ ಸುದ್ದಿ ಹೊರಗೆ ಬಂತು.

ನಿಮ್ಮ ಸಾಫ್ಟ್‌ವೇರ್ ಹಾಗೇ ಮಾಡುತ್ತದೆ ಎನ್ನುತ್ತಿಲ್ಲ. ನೋಡಿಕೊಳ್ಳುವುದು ಸುಲಭ. ಅದು ಕೆಳಗೆ ತಳ್ಳಿದವರಲ್ಲಿ 20 ಜನರನ್ನು ಕಣ್ಣು ಮುಚ್ಚಿ ಆರಿಸಿ, ನೀವೇ ಕೂತು ಓದಿ. ಮಗುವಿಗಾಗಿ ಮೂರು ವರ್ಷ ಮನೆಯಲ್ಲಿದ್ದ ಹೆಣ್ಣುಮಗಳು, ಕಾಲೇಜಿನ ಹೆಸರು ಬೇರೆ ರೀತಿ ಬರೆದವನು, ಬಯೋಡೇಟಾವನ್ನು ಎರಡು ಕಾಲಮ್ ಮಾಡಿ ಚೆಂದಗಾಣಿಸಲು ಹೋಗಿ ಸಾಫ್ಟ್‌ವೇರನ್ನು ಗೊಂದಲಕ್ಕೆ ದೂಡಿದವನು ಅಲ್ಲಿ ಸಿಗಬಹುದು. ಸಿಕ್ಕರೆ ಹೆಸರು ಮುಚ್ಚಿ ಬಾಸ್ ಮೇಜಿನ ಮೇಲಿಡಿ. ನನ್ನ ಕಾಲದಲ್ಲಿ ಮೇಜಿನ ಮೇಲೆ ಇಟ್ಟದ್ದನ್ನು ಬಾಸ್‌ಗಳು ನೋಡುತ್ತಿದ್ದರು, ಮೇಲ್ ಮಾಡಿದ್ದನ್ನಲ್ಲ.

ಇನ್ನೊಂದು. ಬಂದವರ ಆಧಾರ್, ಮಾರ್ಕ್ಸ್‌ಕಾರ್ಡ್ ಎಲ್ಲ ಆಫೀಸಿನ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಓಡಾಡುತ್ತಿದ್ದರೆ ಇವತ್ತೇ ನಿಲ್ಲಿಸಿ. ವೈಯಕ್ತಿಕ ಮಾಹಿತಿ ರಕ್ಷಣೆಗೆ ಅಂತಲೇ 2023ರಲ್ಲಿ ಕಾಯ್ದೆ ಬಂದಿದೆ. ಇಂಟರ್‌ವ್ಯೂ ಹಂತದಲ್ಲಿ ಆಧಾರ್ ಕೇಳುವ ಅಗತ್ಯವೇ ಇಲ್ಲ.

ಪ್ರಶ್ನೆ: ಪರಿಚಯದವರನ್ನು ಕರೆತಂದ ಕೆಲಸಗಾರರಿಗೆ 3,000 ರೂ. ಕೊಡುತ್ತಿದ್ದೇವೆ. ಹಾಗೆ ಬಂದ ಹೊಸಬರು ತಿಂಗಳಿಗೇ ಬಿಟ್ಟು ಹೋಗುತ್ತಾರೆ. ಈ ಪದ್ಧತಿ ನಿಲ್ಲಿಸಲಾ? (ಹುಬ್ಬಳ್ಳಿಯಿಂದ)

ನಿಲ್ಲಿಸಬೇಡಿ. ಸೇರಿದ ದಿನ 1,000 ಕೊಡಿ, ಮೂರು ತಿಂಗಳು ಆದಮೇಲೆ 2,000. ಕರೆತಂದವನೇ ಬೆಳಿಗ್ಗೆ ಎಬ್ಬಿಸಿಕೊಂಡು ಬರುತ್ತಾನೆ. ಆದರೆ ಒಂದೇ ಊರಿನವರು, ಒಂದೇ ಮನೆಯವರೇ ತುಂಬಿಕೊಂಡರೆ ಜಾತ್ರೆಗೆ ಲೈನ್ ಪೂರ್ತಿ ಖಾಲಿ. ಅದನ್ನೂ ನೋಡಿದ್ದೇನೆ. ಆ ವಾರ ಪ್ಯಾಕಿಂಗ್‌ಗೆ ನಾನೇ ಕೂತಿದ್ದೆ.