ಕೊಟ್ಟ ಊರಿಗೆ ಏನು ದಕ್ಕಿತು?

ಪ್ರಿಯ ಓದುಗರೇ,

ಸೋದರ ನಗರಗಳ, ಅಂದರೆ ಬೇರೆ ಬೇರೆ ದೇಶದಲ್ಲಿದ್ದೂ ಒಂದಕ್ಕೊಂದು ನಂಟು ಬೆಳೆಸಿಕೊಂಡ ಊರುಗಳ ಲೇಖನ ಓದಿ ನೀವು ಕೇಳಿದ್ದೀರಿ: "ತಮ್ಮೂರಿನ ನಲ್ಲಿ ಬಿಟ್ಟು ಪರದೇಶದ ನಲ್ಲಿ ರಿಪೇರಿಗೆ ಪಾಲಿಕೆಯವರು ಹೋದರೆ, ತೆರಿಗೆ ಕಟ್ಟಿದವರಿಗೆ ಏನು ಸಿಗುತ್ತೆ? ಇದು ಫಾರಿನ್ ಟೂರ್ ಅಲ್ವಾ?"

ಟೂರ್ ಆಗುವುದೂ ಉಂಟು. ಮೇಯರ್ ಹೋಗಿ, ಹಾರ ಹಾಕಿಸಿಕೊಂಡು ಬಂದರೆ ಅಷ್ಟೇ. ಆದರೆ ಪೈಪಿನ ಕೆಲಸ ಬಲ್ಲವರೇ ಹೋದರೆ ಲೆಕ್ಕ ಬದಲಾಗುತ್ತದೆ. ಜಪಾನಿನ ಕಿಟಕ್ಯುಶು ನಗರವನ್ನೇ ನೋಡಿ.

1993ರಲ್ಲಿ ಕಾಂಬೋಡಿಯದ ನೋಮ್ ಪೆನ್‌ನಲ್ಲಿ ನೂರು ಕೊಡ ನೀರು ಬಿಟ್ಟರೆ 72 ಕೊಡ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಒಂದಿಷ್ಟು ಸೋರಿಕೆ, ಒಂದಿಷ್ಟು ಕಳ್ಳ ಕನೆಕ್ಷನ್. 1999ರಿಂದ ಕಿಟಕ್ಯುಶು ತನ್ನ ಎಂಜಿನಿಯರುಗಳನ್ನು ಅಲ್ಲಿಗೆ ಕಳಿಸಿತು. ಊರನ್ನು ಸಣ್ಣ ಸಣ್ಣ ಬ್ಲಾಕ್ ಮಾಡಿ, ಯಾವ ಬ್ಲಾಕಿಗೆ ಎಷ್ಟು ನೀರು ಹೋಯಿತು ಅಂತ ಅಳೆಯುವುದನ್ನು ಹೇಳಿಕೊಟ್ಟರು. 1993ರಲ್ಲಿ 72 ಇದ್ದದ್ದು 2008ರ ಹೊತ್ತಿಗೆ ಹತ್ತಕ್ಕಿಂತ ಕೆಳಗಿಳಿದಿತ್ತು. ಎಲ್ಲ ಜಪಾನಿನವರೇ ಮಾಡಿದ್ದು ಅನ್ನಬೇಡಿ. ಅಲ್ಲಿನ ಜಲಮಂಡಳಿಯ ಮುಖ್ಯಸ್ಥ ಏಕ್ ಸೋನ್ ಚಾನ್ ಬಿಲ್ ಕಟ್ಟದ ದೊಡ್ಡ ಮನುಷ್ಯರನ್ನೂ ಬಿಡಲಿಲ್ಲ. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈಗ ಕೊಟ್ಟವರ ಮನೆಗೆ ಬರೋಣ. ಕಿಟಕ್ಯುಶುವಿನಲ್ಲಿ ಮನೆಮನೆಗೂ ನೀರು ಬಂದು ದಶಕಗಳೇ ಆದವು. ಜನಸಂಖ್ಯೆಯೂ ಇಳಿಯುತ್ತಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಇಡೀ ಬಡಾವಣೆಗೆ ಪೈಪ್ ಎಳೆಯುವ ಕೆಲಸ ನೋಡಲು ಎಲ್ಲಿ ಸಿಗಬೇಕು? ನಡುರಾತ್ರಿ ಕಬ್ಬಿಣದ ಕೋಲಿನ ತುದಿಯನ್ನು ಪೈಪಿಗಿಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟು, 'ಸುಯ್' ಅನ್ನುವ ಸದ್ದಿನಲ್ಲೇ ಸೋರಿಕೆ ಹಿಡಿಯುವ ಹಳಬರು ನಿವೃತ್ತಿ ಆಗುತ್ತಿದ್ದಾರೆ. ಇದನ್ನು ಪುಸ್ತಕ ಓದಿ ಕಲಿಯುವುದಕ್ಕಾಗುವುದಿಲ್ಲ. ನಮ್ಮ ಹಳ್ಳಿಯ ನೀರುಗಂಟಿಯನ್ನು ಕೇಳಿದರೂ ಅದನ್ನೇ ಹೇಳುತ್ತಾನೆ. ಸೋರುವ ಊರಿಗೆ ಹೋದವನು ಕೆಲಸ ಕಲಿತು ಬರುತ್ತಾನೆ. ಖರ್ಚಿನ ದೊಡ್ಡ ಪಾಲು ಜೈಕಾದ್ದು, ಅಂದರೆ ಜಪಾನ್ ಸರ್ಕಾರದ ನೆರವು ಸಂಸ್ಥೆಯದ್ದು.

ನಷ್ಟ ಇಲ್ಲವೇ ಇಲ್ಲ ಅಂತಲ್ಲ. ಹೋದವನ ಫೈಲುಗಳು ಪಕ್ಕದ ಮೇಜಿಗೆ ಬರುತ್ತವೆ. ಆ ಮೇಜಿನವನ ಹೆಸರು ಯಾವ ವರದಿಯಲ್ಲೂ ಇರುವುದಿಲ್ಲ, ಪಾಪ. ಇನ್ನೂ ಒಂದಿದೆ. 2010ರಲ್ಲಿ ಕಿಟಕ್ಯುಶು ಖಾಸಗಿ ಕಂಪನಿಗಳನ್ನು ಸೇರಿಸಿಕೊಂಡು, ಹೊರದೇಶದ ನೀರಿನ ಗುತ್ತಿಗೆ ಹಿಡಿಯಲು ಒಂದು ಕೂಟವನ್ನೇ ಕಟ್ಟಿತು. ನೆರವು ಅಂತ ಶುರುವಾದದ್ದು ಹೀಗೆ ವ್ಯಾಪಾರದ ಕಡೆಗೂ ತಿರುಗಿತು. ಅದು ತಪ್ಪೇನಲ್ಲ. ಆದರೆ ಸೋರಿಕೆ ಹುಡುಕುವ ಇಲಾಖೆ ಟೆಂಡರ್ ಹುಡುಕಲು ಹೊರಟಾಗ, ನೀವು ಕೇಳಿದ ಪ್ರಶ್ನೆಯನ್ನು ಆ ಊರಿನವರು ಇನ್ನೂ ಜೋರಾಗಿ ಕೇಳಬೇಕು.

– ಸಂ.