ಮಗುವಿನ ಮಾನಸಿಕ ವೇಗಕ್ಕೂ ಓದುವ ಸಾಮರ್ಥ್ಯಕ್ಕೂ ಏನು ಸಂಬಂಧ?

ಮಾನಸಿಕ ವೇಗವೆಂದರೆ ಕಂಡದ್ದನ್ನು, ಕೇಳಿದ್ದನ್ನು ಮನಸ್ಸು ಎಷ್ಟು ಬೇಗ ಗ್ರಹಿಸಿ ಸ್ಪಂದಿಸುತ್ತದೆ ಎಂಬುದು. ಅದಕ್ಕೂ ಓದಿಗೂ ಸಂಬಂಧ ಖಂಡಿತ ಇದೆ. ಆದರೆ ಅದು ತಪ್ಪಿಲ್ಲದೆ ಓದುವುದಕ್ಕಿಂತ ಹೆಚ್ಚಾಗಿ ಸರಾಗವಾಗಿ ಓದುವುದರಲ್ಲಿ ಕಾಣಿಸುತ್ತದೆ. ಅಕ್ಷರವನ್ನು ಗುರುತಿಸಿ, ಅದರ ಧ್ವನಿಯನ್ನು ನೆನಪಿಗೆ ತಂದುಕೊಂಡು, ಪದವಾಗಿ ಜೋಡಿಸುವ ಕೆಲಸ ನಿಧಾನವಾದರೆ, ವಾಕ್ಯದ ಕೊನೆ ತಲುಪುವಷ್ಟರಲ್ಲಿ ಅದರ ಆರಂಭವೇ ಮಗುವಿನ ಮನಸ್ಸಿನಿಂದ ಜಾರಿಹೋಗಿರಬಹುದು. ಪ್ರತಿ ಪದವನ್ನೂ ಸರಿಯಾಗಿ ಉಚ್ಚರಿಸಿದ ಮಗು, ‘ಏನು ಓದಿದೆ?’ ಎಂದು ಕೇಳಿದರೆ ಸುಮ್ಮನಾಗುವುದು ಇದರಿಂದಲೇ ಇರಬಹುದು.

ಸಾಲಾಗಿ ಮುದ್ರಿಸಿದ ಪರಿಚಿತ ಬಣ್ಣ, ಅಂಕಿ, ಚಿತ್ರಗಳನ್ನು ಮಗು ಎಷ್ಟು ಬೇಗ ಹೆಸರಿಸುತ್ತದೆ ಎಂದು ಅಳೆಯುವ ಪರೀಕ್ಷೆಯನ್ನು 1970ರ ದಶಕದಲ್ಲಿ ಸಂಶೋಧಕಿಯರಾದ ಮಾರ್ಥಾ ಡೆಂಕ್ಲಾ ಮತ್ತು ರೀಟಾ ರುಡೆಲ್ ರೂಪಿಸಿದರು. ನೋಡಲು ಆಟದಂತಿದ್ದರೂ ಇದು ಮುಂದಿನ ಓದಿನ ವೇಗದ ಒಳ್ಳೆಯ ಸೂಚಕ. 1999ರಲ್ಲಿ ಓದಿನ ಸಂಶೋಧಕಿಯರಾದ ಮೇರಿಯಾನ್ ವುಲ್ಫ್ ಮತ್ತು ಪೆಟ್ರೀಷಿಯಾ ಬವರ್ಸ್, ಪದದೊಳಗಿನ ಧ್ವನಿಗಳನ್ನು ಬಿಡಿಸಿ ಗುರುತಿಸುವ ತೊಂದರೆಯೂ ಹೆಸರಿಸುವಲ್ಲಿನ ನಿಧಾನವೂ ಒಟ್ಟಿಗೆ ಇರುವ ಮಕ್ಕಳಿಗೇ ಓದು ಅತಿ ಕಷ್ಟವಾಗುತ್ತದೆ ಎಂದು ವಾದಿಸಿದರು.

ಈ ನಿಧಾನವನ್ನು ದಡ್ಡತನವೆಂದು ತಿಳಿಯುವುದು ಮಗುವಿಗೆ ಮಾಡುವ ಅನ್ಯಾಯ. ಆಳವಾಗಿ ಯೋಚಿಸಬಲ್ಲ ಎಷ್ಟೋ ಮಕ್ಕಳು ನಿಧಾನವಾಗಿಯೇ ಓದುತ್ತಾರೆ. ‘ಬೇಗ ಓದು’ ಎಂದು ಒತ್ತಾಯಿಸುವ ಬದಲು, ಚಿಕ್ಕದೊಂದು ಪಠ್ಯಭಾಗವನ್ನು ದೊಡ್ಡವರ ಜೊತೆಯಲ್ಲಿ ಗಟ್ಟಿಯಾಗಿ ಹಲವು ಬಾರಿ ಓದಿಸಿದರೆ ಸರಾಗತೆ ಹೆಚ್ಚುತ್ತದೆ. ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯವನ್ನೂ ಕೊಡಬೇಕು.